ಮಳೆಗಾಲದ ಆ ಎರಡು ತಿಂಗಳು

ನಮ್ಮ ದೇಶದಲ್ಲಿ ಸಮುದ್ರ ಸಂಶೋಧನೆ ಒಂದೇ ಸೂರಿನಡಿ ನಡೆಯುವುದಿಲ್ಲ. ಹಿಡಿದ ಮೀನಿನ ಲೆಕ್ಕವನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇಡುತ್ತದೆ. ಉಪಗ್ರಹದ ಮಾಹಿತಿಯಿಂದ ಮೀನುಗಾರರಿಗೆ ಮುನ್ಸೂಚನೆ ಕೊಡುವ ಇನ್‌ಕಾಯ್ಸ್ ಎಂಬ ಸಂಸ್ಥೆ ಹೈದರಾಬಾದಿನಲ್ಲಿ ಭೂ ವಿಜ್ಞಾನ ಸಚಿವಾಲಯದ ಅಡಿಯಲ್ಲಿದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ (ಸಿಎಸ್‌ಐಆರ್) ಸೇರಿದೆ. ಇಂಥ ಸಂಸ್ಥೆಗಳ ಯೋಜನೆಗಳನ್ನು ಒಟ್ಟಿಗೆ ಇಟ್ಟು ನೋಡಿ ಕಾರ್ಯತಂತ್ರದ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಒಂದೇ ಅಧ್ಯಯನವನ್ನು ಇಬ್ಬರು ಮಾಡದಂತೆ, ಹಣ ಎರಡು ಸಲ ಖರ್ಚಾಗದಂತೆ ನೋಡಿಕೊಂಡರೆ ಸಮನ್ವಯ ಮುಗಿಯಿತೆಂದು ನಾನು ಬಹಳ ಕಾಲ ನಂಬಿದ್ದೆ.

ಪಶ್ಚಿಮ ಕರಾವಳಿಯ ಬೂತಾಯಿ (ಸಾರ್ಡೀನ್) ಮೀನಿನ ಏರಿಳಿತದ ಬಗ್ಗೆ ಟಿಪ್ಪಣಿ ಬರೆಯುವಾಗ ಆ ನಂಬಿಕೆ ಕುಸಿಯಿತು. ಈ ಮೂರು ಸಂಸ್ಥೆಗಳ ವರದಿಗಳು ಮೇಜಿನ ಮೇಲಿದ್ದವು, ಮೂರರಲ್ಲೂ ಮಾಹಿತಿಯ ಕೊರತೆಯ ಬಗ್ಗೆ ಕೊನೆಯಲ್ಲೊಂದು ಸಣ್ಣ ಸಾಲಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಬಂದರಿನ ಲೆಕ್ಕ ತೆಳುವಾಗುತ್ತದೆ. ಮೋಡ ಕವಿದಿರುವುದರಿಂದ ನೀರಿನ ಬಣ್ಣವನ್ನು ಅಳೆಯುವ ಉಪಗ್ರಹಕ್ಕೆ ಕಡಲು ಕಾಣುವುದಿಲ್ಲ. ಅಲೆಗಳ ಅಬ್ಬರದಲ್ಲಿ ಸಣ್ಣ ಸಂಶೋಧನಾ ದೋಣಿ ಕಡಲಿಗೆ ಇಳಿಯುವುದಿಲ್ಲ. ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುವುದೂ, ಬೂತಾಯಿ ಹೇರಳವಾಗಿ ಮೊಟ್ಟೆಯಿಡುವುದೂ ಇದೇ ಮಳೆಗಾಲದಲ್ಲಿ. ಪ್ರತಿಯೊಂದು ಸಂಸ್ಥೆಗೂ ತನ್ನ ಕೊರತೆ ಸಣ್ಣದಾಗಿಯೇ ಕಂಡಿತ್ತು, ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕಾದವನು ನಾನೊಬ್ಬನೇ, ನಾನೂ ಹಣದ ಪುಟವನ್ನಷ್ಟೇ ನೋಡಿದ್ದೆ. ಇದು ನನ್ನದೇ ತಪ್ಪು.

ನಿಷೇಧದ ಅವಧಿಯಲ್ಲೂ ನಾಡದೋಣಿಗಳು ಕಡಲಿಗಿಳಿಯುತ್ತವೆ. ಅವು ತರುವ ಮೀನಿನ ಅಳತೆ, ಮೊಟ್ಟೆಯ ಸ್ಥಿತಿ, ಅದೇ ದಿನದ ದಡದ ನೀರಿನ ಆಮ್ಲಜನಕ ಇವುಗಳನ್ನು ದಾಖಲಿಸಬೇಕೆಂದು ನಾನು ಸೂಚಿಸಿದೆ. ಅದರ ವೈಜ್ಞಾನಿಕ ಅಗತ್ಯವನ್ನು ಯಾರೂ ಅಲ್ಲಗಳೆಯಲಿಲ್ಲ. ಮೀನು ಒಬ್ಬರ ವ್ಯಾಪ್ತಿ, ನೀರು ಇನ್ನೊಬ್ಬರ ವ್ಯಾಪ್ತಿಯಾದ್ದರಿಂದ ಆ ಎರಡು ತಿಂಗಳ ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರಬೇಕೆಂಬ ಪತ್ರವ್ಯವಹಾರವೇ ಉದ್ದವಾಯಿತು. ಈಗ ಹೊಸ ಪ್ರಸ್ತಾವನೆ ಬಂದಾಗ ನಾನು ಮೊದಲು ಹನ್ನೆರಡು ತಿಂಗಳ ಒಂದು ಹಾಳೆಯನ್ನು ಕಳುಹಿಸಿ, ಅಳತೆ ನಿಲ್ಲುವ ತಿಂಗಳುಗಳನ್ನು ಗುರುತು ಮಾಡಿಕೊಡುವಂತೆ ಕೇಳುತ್ತೇನೆ.