ಧೈರ್ಯ ಸಾಕಾದ ದಿನ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚ್‌ನಲ್ಲಿ ಜಾತ್ರೆ ಬಂದಾಗ ನನ್ನ ಕೀಮೋ ಅರ್ಧ ಮುಗಿದಿತ್ತು. ವಯಸ್ಸು 26. ಕುತ್ತಿಗೆಯಲ್ಲಿ ಗಂಟಾಗಿ ಕಾಣಿಸಿಕೊಂಡದ್ದು ಹಾಡ್ಜ್‌ಕಿನ್ ಲಿಂಫೋಮಾ.

ಹರೆಯದವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು, ಬಹುತೇಕರಿಗೆ ಗುಣವಾಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆ ಮಾತು ನನಗೆ ದೊಡ್ಡ ಆಸರೆ. ಆದರೆ ಮನೆಗೆ ಬಂದವರೆಲ್ಲ ಅದನ್ನೇ ಹಿಡಿದುಕೊಂಡರು. "ಗುಣ ಆಗ್ತಡ ಅಲ್ದಾ? ಮತ್ತೆಂತಕ್ಕೆ ಹೆದರಿಕೆ?" ನಾನು ನಗುತ್ತಿದ್ದೆ. ಮುಖ ಸಣ್ಣ ಮಾಡಿದರೆ ಆಯಿ ಅಡುಗೆಮನೆಗೆ ಹೋಗಿ ಅಳುತ್ತಾಳೆ ಅಂತ ಗೊತ್ತಿತ್ತು. ಹುಬ್ಬಳ್ಳಿಯ ಆಸ್ಪತ್ರೆಗೆ ಸುಮಾರು 100 ಕಿಲೋಮೀಟರ್. ದಾರಿಯುದ್ದಕ್ಕೂ ನಾನೇ ಮಾತಾಡುತ್ತಿದ್ದೆ, ಅಪ್ಪಯ್ಯ ಒಳಗೊಳಗೇ ಕೊರಗಬಾರದು ಅಂತ. ಕಾಯಿಲೆ ನನ್ನದು, ಸಮಾಧಾನ ಮಾಡುವ ಕೆಲಸವೂ ನನ್ನದೇ.

15 ದಿನಕ್ಕೊಮ್ಮೆ ನಾಲ್ಕು ಔಷಧಿ ಏರಿಸುತ್ತಿದ್ದರು. ಅದರಲ್ಲಿ ಒಂದು ಕೆಂಪು, ಆ ದಿನ ಮೂತ್ರವೂ ಕೆಂಪಗೆ. ವಾರ ಕಳೆಯುವಷ್ಟರಲ್ಲಿ ಬಿಳಿ ರಕ್ತಕಣ ಇಳಿದಿರುತ್ತದೆ, ಸೋಂಕು ಬೇಗ ತಗಲುತ್ತದೆ. ಜಾತ್ರೆಯ ಜನಸಂದಣಿಗೆ ಹೋಗುವ ಮಾತೇ ಇಲ್ಲ.

ದೇವಿಯ ರಥ ಬಿಡ್ಕಿಬೈಲಿಗೆ ಹೊರಟ ದಿನ ಗೆಳತಿಯರು ಒಂದರ ಹಿಂದೊಂದು ಫೋಟೋ ಕಳಿಸಿದರು. ರಥ, ಬಳೆ ಅಂಗಡಿ, ತೊಟ್ಟಿಲು. ಒಬ್ಬಳ ಕಂಕುಳಲ್ಲಿ ಮಗು. ಅಷ್ಟೇ ಸಾಕಾಯಿತು. ಫೋನ್ ಮಂಚದ ಮೇಲೆ ಎಸೆದು ಜೋರಾಗಿ ಅತ್ತೆ. ಆಯಿ ಓಡಿ ಬಂದಳು. ಈ ಸಲ ನಗಲು ಆಗಲಿಲ್ಲ.

"ಯಂಗೆ ಹೆದರಿಕೆ ಆಗ್ತು ಆಯಿ."

"ಯಂಗೂ ಆಗ್ತು ತಂಗಿ. ರಾತ್ರಿಯೆಲ್ಲ ಆಗ್ತು."

ಧೈರ್ಯ ತಗೋ ಅಂದ ಯಾರ ಮಾತಿಗೂ ನನ್ನ ಎದೆ ಇಷ್ಟು ಹಗುರಾಗಿರಲಿಲ್ಲ. ನಮ್ಮ ಕಡೆ ಭಯವನ್ನು ಬಾಯಿಬಿಟ್ಟು ಹೇಳಿದರೆ ಅಪಶಕುನ ಅಂದುಕೊಳ್ಳುತ್ತಾರೆ. ಹಾಗಾಗಿ ಒಂದೇ ಮನೆಯಲ್ಲಿ ಮೂರು ಜನ ಬೇರೆಬೇರೆ ಕೋಣೆಯಲ್ಲಿ ಹೆದರಿಕೊಂಡು ಕೂತಿದ್ದೆವು. ಆವತ್ತು ಸಂಜೆ ಎಲ್ಲ ಮಾತಾಡಿದೆವು. ಕೆಲಸ, ಸಾಲ, ಮದುವೆ, ಸಾವು ಕೂಡ. ಅಪ್ಪಯ್ಯ ಬಾಗಿಲಲ್ಲೇ ನಿಂತು ಕೇಳುತ್ತಿದ್ದ, ಆಮೇಲೆ ಬಂದು ಕೂತ.

ಮುಂದಿನ ಸಲ ಹೋದಾಗ ಎಷ್ಟೋ ದಿನದಿಂದ ನುಂಗಿಕೊಂಡಿದ್ದನ್ನು ಡಾಕ್ಟರ್‌ಗೆ ಕೇಳಿದೆ. "ನನಗೆ ಮುಂದೆ ಮಕ್ಕಳಾಗುತ್ತಾ?" ಕೆಲವು ಕೀಮೋಗಳಿಗೆ ಹೋಲಿಸಿದರೆ ಈ ನಾಲ್ಕು ಔಷಧಿಗಳಲ್ಲಿ ಆ ಅಪಾಯ ಕಡಿಮೆ ಅಂದರು. ನಾನು ಉಸಿರು ಬಿಡುವುದರೊಳಗೆ ಆಯಿ ಕೇಳಿದಳು, "ಕಾಯಿಲೆ ವಾಪಸ್ ಬರುತ್ತಾ ಡಾಕ್ಟ್ರೇ?" ಬರುವುದಿದ್ದರೆ ಮೊದಲ ಎರಡು ಮೂರು ವರ್ಷದಲ್ಲೇ ಜಾಸ್ತಿ, ಅದಕ್ಕೇ ಆಗ ತಪ್ಪದೆ ತಪಾಸಣೆ ಮಾಡುತ್ತೇವೆ ಅಂದರು. ಆಯಿ ತಲೆಯಾಡಿಸಿ, ತಪಾಸಣೆಗೆ ಯಾವ ಯಾವ ತಿಂಗಳು ಬರಬೇಕು ಅಂತ ನನ್ನ ಹತ್ತಿರ ಬರೆಸಿಕೊಂಡಳು.