ಶಾಸನಭವನ, ಅಧ್ಯಕ್ಷರ ಮನೆ: ಅಲ್ಲಿ ನೋಡುವುದೇನಿದೆ?

ಅಮೆರಿಕದಲ್ಲಿ ಕಾರಿನಲ್ಲಿ ಪ್ರವಾಸ ಹೊರಟಾಗ ರಾಜ್ಯಗಳ ಶಾಸನಭವನಗಳನ್ನೂ ಹಿಂದಿನ ಅಧ್ಯಕ್ಷರು ಬಾಳಿದ ಮನೆಗಳನ್ನೂ ನಾನು ಹುಡುಕಿಕೊಂಡು ಹೋಗುತ್ತೇನೆ. ಇದು ತಿಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಗುಮ್ಮಟಗಳೆಲ್ಲ ಒಂದೇ ತೆರ, ಮನೆಗಳಲ್ಲಿ ಹಳೆಯ ಕುರ್ಚಿ ಮೇಜು, ಅಲ್ಲಿ ನೋಡುವುದೇನಿದೆ?" ಬಿಡಿಬಿಡಿಯಾಗಿ ನೋಡಿದರೆ ಈ ಮಾತಿನಲ್ಲಿ ಹುರುಳಿದೆ. ಒಂದರ ಬೆನ್ನಿಗೆ ಒಂದನ್ನು ನೋಡಿದಾಗಲೇ, ಒಂದು ಊರಿನಲ್ಲಿ ಎದ್ದ ವ್ಯಾಜ್ಯ ಇನ್ನೊಂದು ಊರಿನಿಂದ ಬಂದ ಮನುಷ್ಯನ ಹೆಗಲೇರಿದ ಬಗೆ ಮನಸ್ಸಿಗೆ ಇಳಿಯುತ್ತದೆ. ಅದಕ್ಕಾಗಿ ನಾನು ಸೂಚಿಸುವ ದಾರಿ, ಮಿಸೌರಿಯ ಇಂಡಿಪೆಂಡೆನ್ಸ್‌ನಿಂದ ಕ್ಯಾನ್ಸಸ್‌ನ ಅಬಿಲೀನ್‌ವರೆಗಿನ ಇಂಟರ್‌ಸ್ಟೇಟ್ 70 ಹೆದ್ದಾರಿ.

ಇಂಡಿಪೆಂಡೆನ್ಸ್‌ನಲ್ಲಿರುವುದು ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ನರ ಮನೆ. ಅದು ಅವರ ಪತ್ನಿ ಬೆಸ್ ಅವರ ತವರಿನ ಕಡೆಯದು. 1953ರಲ್ಲಿ ಅಧಿಕಾರದಿಂದ ಇಳಿದ ಮೇಲೆ ದಂಪತಿ ಅಲ್ಲಿಗೇ ಮರಳಿದರು. ಟ್ರೂಮನ್ನರ ಅಜ್ಜಂದಿರು ಗುಲಾಮರನ್ನು ಇಟ್ಟುಕೊಂಡಿದ್ದವರು. ಮೊಮ್ಮಗ 1948ರಲ್ಲಿ, ಸೇನೆಯಲ್ಲಿನ ವರ್ಣಭೇದವನ್ನು ಕೊನೆಗಾಣಿಸುವ ಆದೇಶಕ್ಕೆ ಸಹಿ ಹಾಕಿದರು.

ಅಲ್ಲಿಂದ ಪಶ್ಚಿಮಕ್ಕೆ ಕ್ಯಾನ್ಸಸ್‌ನ ರಾಜಧಾನಿ ಟೊಪೀಕಾ. ಅಲ್ಲಿನ ಶಾಸನಭವನದ ನಿರ್ಮಾಣ 1866ರಲ್ಲಿ ಆರಂಭವಾಗಿ ಮುಗಿದದ್ದು 1903ರಲ್ಲಿ. ಒಳಗೆ ಹೋಗಲು ಶುಲ್ಕವಿಲ್ಲ. 296 ಮೆಟ್ಟಿಲು ಹತ್ತುವ ಶಕ್ತಿಯಿದ್ದರೆ ಗುಮ್ಮಟದ ತುದಿಯವರೆಗೂ ಹೋಗಬಹುದು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಎರಡನೆಯ ಮಹಡಿಯ ಭಿತ್ತಿಚಿತ್ರ. ಅಂತರ್ಯುದ್ಧಕ್ಕೆ ಮುಂಚೆ ಕ್ಯಾನ್ಸಸ್‌ನಲ್ಲಿ ಗುಲಾಮಗಿರಿಯ ವಿರುದ್ಧ ಆಯುಧ ಹಿಡಿದ ಜಾನ್ ಬ್ರೌನ್, ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಬಂದೂಕು ಹಿಡಿದು, ತೋಳುಗಳನ್ನು ಚಾಚಿ, ಬಾಯ್ದೆರೆದು ನಿಂತಿದ್ದಾನೆ. ಬೆನ್ನ ಹಿಂದೆ ಸುಂಟರಗಾಳಿ, ಬೆಂಕಿ. ಇದನ್ನು ಬರೆದ ಜಾನ್ ಸ್ಟೂವರ್ಟ್ ಕರಿ ಕ್ಯಾನ್ಸಸ್‌ನವರೇ. ತಮ್ಮ ರಾಜ್ಯವನ್ನು ಹೀಗೆ ತೋರಿಸಿದ್ದು ಹಲವರಿಗೆ ಹಿಡಿಸಲಿಲ್ಲ. ಮುಂದಿನ ಚಿತ್ರಗಳಿಗಾಗಿ ಗೋಡೆಯ ಅಮೃತಶಿಲೆಯ ಹಲಗೆಗಳನ್ನು ತೆಗೆಯಲು ಶಾಸಕರು ಒಪ್ಪದಿದ್ದಾಗ, ಕರಿ ಚಿತ್ರಗಳಿಗೆ ಸಹಿಯನ್ನೇ ಹಾಕದೆ ಹೊರಟುಹೋದರು. ಕಾನೂನು ಮಾಡುವವರು ನಿತ್ಯ ಓಡಾಡುವ ಜಾಗದಲ್ಲಿ, ಅವರ ಹಿರಿಯರಿಗೆ ಬೇಡವಾಗಿದ್ದ ಚಿತ್ರ ಇಂದಿಗೂ ಉಳಿದಿದೆಯೆಂಬುದು ನನ್ನ ಪಾಲಿಗೆ ಗುಮ್ಮಟದ ಎತ್ತರಕ್ಕಿಂತ ದೊಡ್ಡ ಸಂಗತಿ.

ಅದೇ ಊರಿನಲ್ಲಿ ಕಪ್ಪು ಮಕ್ಕಳಿಗೆಂದೇ ಮೀಸಲಾಗಿದ್ದ ಮನ್ರೋ ಶಾಲೆಯೂ ಇದೆ. ಮನೆಯ ಹತ್ತಿರದ ಬಿಳಿಯರ ಶಾಲೆಯಲ್ಲಿ ಸೇರಿಸಿಕೊಳ್ಳದ ಕಾರಣ ಬಾಲಕಿ ಲಿಂಡಾ ಬ್ರೌನ್ ಅಷ್ಟು ದೂರ ಬರಬೇಕಾಗಿತ್ತು. ಅವಳ ತಂದೆ ಮತ್ತು ಇತರ ಪೋಷಕರು ಹೂಡಿದ ಮೊಕದ್ದಮೆಯಲ್ಲಿ, ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪಿತ್ತಿತು. ಶಾಲೆ ಈಗ ರಾಷ್ಟ್ರೀಯ ಸ್ಮಾರಕ. ಟೊಪೀಕಾಕ್ಕೆ ಹೋದವರು ಇದನ್ನು ನೋಡದೆ ಮರಳಬಾರದು.

ಇನ್ನು ಸುಮಾರು ಒಂದೂವರೆ ಗಂಟೆಯ ಪ್ರಯಾಣಕ್ಕೆ ಅಬಿಲೀನ್. ಟ್ರೂಮನ್ನರ ನಂತರ ಅಧ್ಯಕ್ಷರಾದ ಡ್ವೈಟ್ ಐಸೆನ್‌ಹೋವರ್ ಸೇರಿ ಆರು ಮಂದಿ ಸಹೋದರರು ಬೆಳೆದ ಪುಟ್ಟ ಮನೆ ಅಲ್ಲಿದೆ. ಐಸೆನ್‌ಹೋವರ್ ಅವರ ಸಮಾಧಿಯೂ ಅದೇ ಆವರಣದಲ್ಲಿ. ನಾವು ಬಂದ ಹೆದ್ದಾರಿಗೂ 1956ರಲ್ಲಿ ಅವರು ಸಹಿ ಹಾಕಿದ ಕಾಯ್ದೆಯೇ ಅಡಿಪಾಯ. ಟೊಪೀಕಾದ ತೀರ್ಪನ್ನು ಅವರು ಬಹಿರಂಗವಾಗಿ ಸಮರ್ಥಿಸಲಿಲ್ಲ; ಅದು ಅವರ ದೊಡ್ಡ ಕೊರತೆಯೆಂದೇ ನಾನು ಭಾವಿಸುತ್ತೇನೆ. ಆದರೂ 1957ರಲ್ಲಿ ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಶಾಲೆಗೆ ಕಾಲಿಡದಂತೆ ರಾಜ್ಯಪಾಲರೇ ಅಡ್ಡಿಪಡಿಸಿದಾಗ, ಆ ಮಕ್ಕಳನ್ನು ತರಗತಿಗೆ ತಲುಪಿಸಲು ಸೇನೆಯ ಪ್ಯಾರಾಚೂಟ್ ದಳವಾದ 101ನೆಯ ಏರ್‌ಬೋರ್ನ್‌ನ ಸೈನಿಕರನ್ನು ಕಳುಹಿಸಿದವರು ಐಸೆನ್‌ಹೋವರ್ ಅವರೇ. ಎರಡನೆಯ ಮಹಾಯುದ್ಧದಲ್ಲಿ ಸೇನಾಪತಿಯಾಗಿದ್ದ ಅವರು, 1944ರಲ್ಲಿ ಇದೇ ದಳದ ಸೈನಿಕರು ಫ್ರಾನ್ಸಿನ ನಾರ್ಮಂಡಿಗೆ ಹೊರಡುವ ಮುನ್ನ ಅವರನ್ನು ಭೇಟಿಯಾಗಿ ಬೀಳ್ಕೊಟ್ಟಿದ್ದರು.

ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟು: ಈ ದಾರಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ಕ್ರಮಿಸಿ, ಮನ್ರೋ ಶಾಲೆಗೆ ಕನಿಷ್ಠ ಅರ್ಧ ದಿನ ಮೀಸಲಿಡಿ, ಅಬಿಲೀನ್ ಅನ್ನು ಆ ಮೇಲೆಯೇ ನೋಡಿ.