ಚರ್ಮದಾಚೆಗೆ ಕರೆಂಟ್: ಕಾಯಿಲ್ ಕೆಲಸ ಎಲ್ಲಿಗೆ ಬಂತು

ಎಲ್‌ಇಡಿ ಉರಿಯಿತು, ಅದೂ ಹಂದಿ ಮಾಂಸದ ಆಚೆ ಬದಿಯಲ್ಲಿ. ದೇಹದೊಳಗಿನ ಉಪಕರಣಕ್ಕೆ ವೈರಿಲ್ಲದೆ ಕರೆಂಟ್ ದಾಟಿಸುವ ಪ್ರಯೋಗ ಇದು: ಹೊರಗೊಂದು ಕಾಯಿಲ್ ಕಳಿಸುತ್ತದೆ, ಒಳಗೊಂದು ಹಿಡಿಯುತ್ತದೆ. ಚಿಕ್ಕಮಗಳೂರಿನಲ್ಲಿ ಚರ್ಮ, ಕೊಬ್ಬು ಸಮೇತದ ತುಂಡಿಗೆ ಬರವಿಲ್ಲ. ಆದರೆ "ಸಾರಿಗಲ್ಲ ಅಣ್ಣಾ, ಹತ್ತು ಮಿಲಿಮೀಟರ್ ದಪ್ಪಕ್ಕೆ ಕೊಯ್ದು ಕೊಡಿ" ಅಂದಾಗ ಅಂಗಡಿಯವರು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದರು.

ಎರಡೂ ಕಾಯಿಲ್ 40 ಮಿ.ಮೀ. ಅಗಲ, ತಲಾ 24 ಮೈಕ್ರೋಹೆನ್ರಿ. ತಂತಿ ಸಿಕ್ಕಿದ್ದು ತೋಟದ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವರ ಬಳಿ. ಜೊತೆಗೆ 100 ನ್ಯಾನೋಫ್ಯಾರಡ್ ಫಿಲ್ಮ್ ಕೆಪಾಸಿಟರ್. ಅನುರಣನೆ, ಅಂದರೆ ಕಾಯಿಲ್ ಮತ್ತು ಕೆಪಾಸಿಟರ್ ಜೋಡಿ ತಾಳ ಹಿಡಿಯುವ ಆವರ್ತನ, ಸುಮಾರು 103 ಕಿಲೋಹರ್ಟ್ಸ್‌ಗೆ ಕೂತಿತು.

ಮಧ್ಯೆ ಬರೀ ಗಾಳಿ ಇದ್ದರೂ ಮಾಂಸ ಇದ್ದರೂ ವೋಲ್ಟೇಜ್ ಹೆಚ್ಚುಕಮ್ಮಿ ಅಷ್ಟೇ. ಈ ಆವರ್ತನದ ಕಾಂತಕ್ಷೇತ್ರಕ್ಕೆ ಚರ್ಮ ಒಂದು ಅಡ್ಡಿಯೇ ಅಲ್ಲ. ಕಾಟ ಕೊಡುವುದು ಜರುಗುವಿಕೆ: ಒಂದು ಕಾಯಿಲ್ 15 ಮಿ.ಮೀ. ಪಕ್ಕಕ್ಕೆ ಹೋದರೆ ವೋಲ್ಟೇಜ್ ಅರ್ಧಕ್ಕೂ ಕೆಳಗೆ. ಕಿವಿ ಕೇಳದವರಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿ ಚರ್ಮದ ಒಳಗೂ ಹೊರಗೂ ಮ್ಯಾಗ್ನೆಟ್ ಇಡುವುದು ಇದಕ್ಕೇ, ಹೊರಗಿನ ಕಾಯಿಲ್ ತಾನಾಗಿ ಜಾಗಕ್ಕೆ ಕಚ್ಚಿಕೊಳ್ಳುತ್ತದೆ.

ಎರಡನೇ ಕಾಟ ಲೋಹ. ಮಧ್ಯೆ ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟ ಕೂಡಲೇ ದೀಪ ಆರಿತು, ಮುಚ್ಚಳ ಬೆಚ್ಚಗಾಯಿತು. ಕಾಂತಕ್ಷೇತ್ರದಿಂದ ಲೋಹದೊಳಗೆ ಹುಟ್ಟಿ ಸುತ್ತುವ ಕರೆಂಟ್, ಅಂದರೆ ಸುಳಿ ಪ್ರವಾಹ, ಶಕ್ತಿಯನ್ನೆಲ್ಲ ಅಲ್ಲೇ ತಿನ್ನುತ್ತದೆ. ಅದಕ್ಕೇ ಕಾಕ್ಲಿಯರ್ ಇಂಪ್ಲಾಂಟ್‌ನ ಕಾಯಿಲ್ ಟೈಟಾನಿಯಂ ಕವಚದ ಹೊರಗೆ, ಸಿಲಿಕೋನ್‌ನಲ್ಲಿ ಇರುವುದು.

ಇದನ್ನೆಲ್ಲ ಹಚ್ಚಿದ್ದು ದೊಡ್ಡಪ್ಪ. ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಹಾಕಿಸಿಕೊಂಡವರು, "ಬ್ಯಾಟರಿ ಮುಗಿದರೆ ಮತ್ತೆ ಕೊಯ್ಯಬೇಕೇನೋ? ಮೊಬೈಲ್ ಥರ ಚಾರ್ಜ್ ಮಾಡೋಕಾಗಲ್ವಾ?" ಅಂತ ಕೇಳಿದ್ದರು. ತಮಾಷೆಯೆಂದರೆ 1958ರಲ್ಲಿ ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಅವರಿಗೆ ಅಳವಡಿಸಿದ ಮೊದಲ ಪೇಸ್‌ಮೇಕರ್, ರೂನೆ ಎಲ್ಮ್‌ಕ್ವಿಸ್ಟ್ ಕಟ್ಟಿದ್ದು, ಹೊರಗಿಂದ ಕಾಯಿಲ್ ಮೂಲಕ ಚಾರ್ಜ್ ಆಗುವಂಥದ್ದೇ. 1970ರ ದಶಕದಲ್ಲಿ ಲಿಥಿಯಂ-ಅಯೋಡಿನ್ ಬ್ಯಾಟರಿ ಬಂದು ವರ್ಷಗಟ್ಟಲೆ ನಡೆಯತೊಡಗಿದ ಮೇಲೆ ಆ ಗೋಜು ಬೇಡವಾಯಿತು. ನನ್ನ ಲೆಕ್ಕದಲ್ಲಿ ಅದು ಸರಿಯೇ. ಮೈಕ್ರೋವ್ಯಾಟ್‌ಗಳಲ್ಲಿ ಬದುಕುವ ಪೇಸ್‌ಮೇಕರ್‌ಗೆ ದಿನಾ ಚಾರ್ಜಿಂಗ್ ಯಾಕೆ? ಇದು ಬೇಕಿರುವುದು ವ್ಯಾಟ್‌ಗಟ್ಟಲೆ ಕೇಳುವ ಕೃತಕ ಹೃದಯದಂಥವಕ್ಕೆ. 2001ರಲ್ಲಿ ಅಮೆರಿಕದಲ್ಲಿ ಅಳವಡಿಸಿದ ಅಬಿಯೋಕಾರ್ ಎಂಬ ಕೃತಕ ಹೃದಯಕ್ಕೆ ಚರ್ಮ ತೂರಿದ ವೈರೇ ಇರಲಿಲ್ಲ.

ದೊಡ್ಡಪ್ಪ ಮನೆಗೆ ಬಂದರೆ ಮಾತ್ರ ಸಪ್ಲೈ ಆಫ್, ಕೋಣೆಗೆ ಬೀಗ. ಪೇಸ್‌ಮೇಕರ್ ಇರುವವರ ಹತ್ತಿರ ಈ ಆಟ ಕೂಡದು.

ಮುಂದಿನದು ಶಾಖ. ಇಂಪ್ಲಾಂಟ್‌ನ ಹೊರಮೈ ದೇಹದ ಉಷ್ಣತೆಗಿಂತ 2 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಬಿಸಿಯಾಗಬಾರದು ಎಂಬುದು ಸಾಮಾನ್ಯ ಮಿತಿ. ಒಳ ಕಾಯಿಲ್‌ಗೆ ಬಿಸಿ ಅಳೆಯುವ ಥರ್ಮಿಸ್ಟರ್ ಅಂಟಿಸಿದ್ದೇನೆ, ಹಿಂದೆ ಕಾಂತಕ್ಷೇತ್ರವನ್ನು ಹಿಡಿದಿಡುವ ಫೆರೈಟ್ ಹಾಳೆ ಕೊಡಬೇಕು. ಕೆಟ್ಟುಹೋದ ವೈರ್‌ಲೆಸ್ ಚಾರ್ಜಿಂಗ್ ಮೊಬೈಲ್ ಯಾರ ಬಳಿಯಾದರೂ ಬಿದ್ದಿದ್ದರೆ ಬಿಸಾಡಬೇಡಿ, ಹಿಂಬದಿಯ ಆ ಕಪ್ಪು ಹಾಳೆ ನನಗೆ ಬೇಕು.